ಆಟವನ್ನು ಮಕ್ಕಳಿಗೆ ಬಿಟ್ಟುಕೊಡಿ

"ಇಷ್ಟ್ ರೊಕ್ಕಾ ಸುರುವಿ ಕಲಿಸೇವಿ, ಆ ಸಣ್ಣ ಹುಡುಗಿ ಕೈಯಾಗ ಸೋತ್ ಬಂದಿಯಲ್ಲೋ!"

ಮಕ್ಕಳ ಚದುರಂಗ ಸ್ಪರ್ಧೆಯೊಂದರ ಬಾಗಿಲಲ್ಲಿ ತಂದೆಯೊಬ್ಬರು ಎಂಟು ವರ್ಷದ ಮಗನನ್ನು ಹೀಗೆ ಗದರುವುದನ್ನು ನಾವು ಕೇಳಿದೆವು. ಹುಡುಗ ಅಳಲಿಲ್ಲ, ನೆಲ ನೋಡುತ್ತ ನಿಂತಿದ್ದ. ಅವನು ಇನ್ನು ಪ್ರೀತಿಯಿಂದ ಮಣೆ ಮುಟ್ಟಲಾರ ಎಂದು ನಮಗೆ ಆಗಲೇ ಅನ್ನಿಸಿತು.

2024ರ ಡಿಸೆಂಬರಿನಲ್ಲಿ ಹದಿನೆಂಟರ ಗುಕೇಶ್ ವಿಶ್ವ ಚಾಂಪಿಯನ್ ಆದರು. ಸಂತೋಷ. ಆದರೆ ಮನೆಗೊಬ್ಬ ಗುಕೇಶನನ್ನು ತಯಾರಿಸುವ ಆತುರ ಏಕೆ? 'ಚೆಸ್ ಕಲಿತರೆ ಗಣಿತ ಸುಧಾರಿಸುತ್ತದೆ' ಎನ್ನುವವರೂ ಇದ್ದಾರೆ. ಇಂಗ್ಲೆಂಡಿನ 100 ಪ್ರಾಥಮಿಕ ಶಾಲೆಗಳಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನ ಏನು ಹೇಳಿತು? ಚದುರಂಗ ಕಲಿತು ವರ್ಷವಾದ ಮೇಲೆ ಪರೀಕ್ಷಿಸಿದರೆ, ಆ ಮಕ್ಕಳು ಗಣಿತದಲ್ಲಿ ಉಳಿದವರಿಗಿಂತ ಮುಂದಿರಲಿಲ್ಲ! ಚದುರಂಗ ಟಾನಿಕ್ ಅಲ್ಲ ಸ್ವಾಮಿ, ಆಟ. ಅದರಲ್ಲಿ ಆನಂದವಿಲ್ಲದಿದ್ದರೆ ಉಳಿಯುವುದಾದರೂ ಏನು?

ಹುಲಕೋಟಿಯಲ್ಲಿ ನಾವು ಈ ಆಟ ಕಲಿತದ್ದು ಮನೆಯ ಕಟ್ಟೆಯ ಮೇಲೆ, ದಾದಾನಿಂದ. ಮನೆಯಲ್ಲಿ ಅದು ಶತರಂಜ್, ಶಾಲೆಯಲ್ಲಿ ಚದುರಂಗ. ಇಲ್ಲಿನ ವಜೀರ್ ಅಲ್ಲಿ ಮಂತ್ರಿ. ದಾದಾ ಮೊದಲ ದಿನ ಎರಡೂ ಕಡೆ ಪ್ಯಾದೆಗಳನ್ನಷ್ಟೇ ಇಟ್ಟರು. ಯಾರ ಪ್ಯಾದೆ ಮೊದಲು ಆಚೆ ದಂಡೆ ಮುಟ್ಟುವುದೋ ಅವರು ಗೆದ್ದಂತೆ. ಆಮೇಲೆ ಕುದುರೆ ಬಂತು. ಮಣೆಯ ತುಂಬ ಶೇಂಗಾ ಹರವಿದರು. ಕುದುರೆ ಕುಣಿದು ಮುಟ್ಟಿದ ಮನೆಯ ಶೇಂಗಾ ನಮ್ಮ ಬಾಯಿಗೆ! ಎರಡೂವರೆ ಹೆಜ್ಜೆಯ ಲೆಕ್ಕ ಯಾರೂ ಬಾಯಿಪಾಠ ಮಾಡಿಸಲಿಲ್ಲ. ನಾವು ಸೋಲುವ ಹಂತಕ್ಕೆ ಬಂದರೆ ದಾದಾ ಮಣೆಯನ್ನೇ ತಿರುಗಿಸಿಬಿಡುತ್ತಿದ್ದರು. ಈಗ ಗೆಲ್ಲುವ ಕಡೆ ನಮ್ಮದು, ಕಷ್ಟದ ಕಡೆ ಅವರದು.

ಇದು ಬರೀ ಮುದ್ದಲ್ಲ. ಮೂವತ್ತೆರಡು ಕಾಯಿ, ಆರು ಬಗೆಯ ನಡೆ ಒಮ್ಮೆಲೇ ಹೇರಿದರೆ ಮಗು ಕಂಗಾಲಾಗುತ್ತದೆ. ಪ್ಯಾದೆಗಳ ಆಟ ಐದು ನಿಮಿಷದಲ್ಲಿ ಮುಗಿಯುತ್ತದೆ. ಸೋತವನಿಗೆ ಕೂಡಲೇ ಇನ್ನೊಂದು ಆಟ ಸಿಗುತ್ತದೆ. ಸೋಲು ಅವಮಾನವಲ್ಲ ಎಂಬ ಪಾಠ ಬೇರೆ ಹೇಳಬೇಕಾಗಿಲ್ಲ.

'ಹೀಗೆ ಆಡಿಸುತ್ತ ಕೂತರೆ ಚಾಂಪಿಯನ್ ಆಗುವುದು ಯಾವಾಗ?' ಎಂದು ಕೇಳುವಿರಿ. ಪಂಜಾಬಿನ ಹಳ್ಳಿಯ ಮೀರ್ ಸುಲ್ತಾನ್ ಖಾನ್ ದೇಶಿ ನಿಯಮದ ಶತರಂಜ್ ಆಡುತ್ತ ಬೆಳೆದವರು. ಯುರೋಪಿನ ನಿಯಮ ಕಲಿತದ್ದು ದೊಡ್ಡವರಾದ ಮೇಲೆ. ಆದರೂ 1929, 1932 ಮತ್ತು 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆದರು. ಎಲ್ಲ ಮಕ್ಕಳೂ ಸುಲ್ತಾನ್ ಖಾನ್ ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ.

ನಮ್ಮದು ಸಹಕಾರದ ನೆಲ. ಪಕ್ಕದ ಕಣಗಿನಹಾಳದಲ್ಲಿ 1905ರಲ್ಲೇ ರೈತರು ಕೂಡಿ ಪತ್ತಿನ ಸಂಘ ಕಟ್ಟಿದರು. ಕೆ.ಎಚ್. ಪಾಟೀಲರಿಂದ ಹುಲಕೋಟಿಗೂ ಸಹಕಾರದ ಹೆಸರು ಬಂತು. ಹಾಗಿರುವಾಗ ಶಾಲೆಯ ಪಡಸಾಲೆಯಲ್ಲಿ, ಗ್ರಂಥಾಲಯದಲ್ಲಿ, ಮದರಸಾದ ಅಂಗಳದಲ್ಲಿ ನಾಲ್ಕು ಮಣೆ ಹಾಕುವುದು ನಮಗೆ ಭಾರವೇ? ಅಲ್ಲಿ ಫೀಸು ಬೇಡ, ಪ್ರಮಾಣಪತ್ರ ಬೇಡ. ಹೆಣ್ಣುಮಕ್ಕಳು ಮಾತ್ರ ಇರಲೇಬೇಕು.

ಆ ತಂದೆಗೆ ನಮ್ಮ ವಿನಂತಿ ಇಷ್ಟೇ. ಮಗ ಸೋತು ಬಂದಾಗ ಒಂದೇ ಮಾತು ಕೇಳಿ: "ಆಟ ಚಲೋ ಆತೇನಪಾ?"