ಬೀಗ ಹಾಕಿದ ಮೈದಾನಗಳು

ನಲವತ್ತು ದಾಟಿದ ಲೆಕ್ಕಪರಿಶೋಧಕನೊಬ್ಬ ರಗ್ಬಿ ಕಲಿಯಲು ಹೊರಟರೆ ಬಂಧುಗಳು ನಗುವುದು ಸಹಜ. ಮಗಳ ಒತ್ತಾಯಕ್ಕೆ ಮಣಿದು ಭಾನುವಾರದ ಬೆಳಗ್ಗೆ ಮುಂಬಯಿಯ ಸಾರ್ವಜನಿಕ ಮೈದಾನವೊಂದಕ್ಕೆ ಹೋಗತೊಡಗಿದೆ. ನಮ್ಮ ತಾಯಿ ಮಾತ್ರ ನಗಲಿಲ್ಲ. “ಒಬ್ಬರ ಮೇಲೊಬ್ಬರು ಬೀಳುವ ಆಟ ಶ್ರಾವಕರ ಮನೆಗೆ ತಕ್ಕುದೇನಪ್ಪಾ?” ಎಂದು ಕೇಳಿದರು.

ಪ್ರಶ್ನೆ ನ್ಯಾಯವಾದದ್ದೇ. ಆದರೆ ನಾವು ಹೊಸಬರು ಕಲಿಯುತ್ತಿರುವುದು ಟಚ್ ರಗ್ಬಿ. ಇಲ್ಲಿ ಎದುರಾಳಿಯನ್ನು ಕೆಡಹುವಂತಿಲ್ಲ, ಕೈಯಿಂದ ಮುಟ್ಟಿದರೆ ಸಾಕು. ಮುಟ್ಟಿಸಿಕೊಂಡವರು ಅಲ್ಲಿಯೇ ನಿಂತು ಚೆಂಡನ್ನು ನೆಲಕ್ಕಿಡಬೇಕು. ಚೆಂಡನ್ನು ಮುಂದಕ್ಕೆ ಎಸೆಯಲಾಗದು, ಹಿಂದಿರುವವರಿಗೇ ಕೊಡಬೇಕು. ನಾನು ಪದೇ ಪದೇ ತಪ್ಪಿದ್ದು ಇಲ್ಲಿಯೇ. ಮುನ್ನುಗ್ಗುವ ಆತುರದಲ್ಲಿ ಹಿಂದಿನವರು ಕಾಣುವುದಿಲ್ಲ. ಹಿಂಸೆಯ ಮೂಲವನ್ನು ತತ್ತ್ವಾರ್ಥಸೂತ್ರವು ಪ್ರಮಾದದಲ್ಲಿ ಗುರುತಿಸುತ್ತದೆ. ನೋಯಿಸದೆ ಮುಟ್ಟುವ ಎಚ್ಚರವನ್ನು ಕಲಿಸುವ ಆಟ ಅಹಿಂಸೆಗೆ ವಿರುದ್ಧವೆಂದು ನನಗೆ ತೋರದು.

ನನ್ನನ್ನು ಕಾಡುವ ಪ್ರಶ್ನೆ ಬೇರೆ. ಮಗಳ ಶಾಲೆಯಲ್ಲಿ ಈ ಆಟಕ್ಕೆ ಜಾಗವೇ ಇಲ್ಲ.

ಪಠ್ಯ ಮತ್ತು ಪಠ್ಯೇತರ ಎಂಬ ಗೋಡೆ ಇರಬಾರದೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಆಟದ ಮೈದಾನದ ಹೆಸರಿದೆ, ಅಳತೆಯಿಲ್ಲ. ಸಮಗ್ರ ಶಿಕ್ಷಾ ಯೋಜನೆಯಲ್ಲಿ ಸರ್ಕಾರಿ ಪ್ರಾಥಮಿಕ ಶಾಲೆಯೊಂದಕ್ಕೆ ಕ್ರೀಡಾ ಸಾಮಗ್ರಿಗೆಂದು ವರ್ಷಕ್ಕೆ ಸಿಗುವುದು ಹೆಚ್ಚೆಂದರೆ 5,000 ರೂಪಾಯಿ, ಪ್ರೌಢಶಾಲೆಗೆ 25,000. ಪಿಎಂ ಶ್ರೀ ಒಪ್ಪಂದಕ್ಕೆ ತಮಿಳುನಾಡು ಸಹಿ ಹಾಕಲಿಲ್ಲವೆಂದು ಕೇಂದ್ರವು ಇದೇ ಯೋಜನೆಯ ಹಣವನ್ನು ತಡೆಹಿಡಿಯಿತು. ಮಹಾರಾಷ್ಟ್ರದಲ್ಲಿ 2025ರಲ್ಲಿ ಒಂದನೆಯ ತರಗತಿಯಿಂದ ಹಿಂದಿ ಕಲಿಸುವ ಆದೇಶ ಹೊರಟು, ಗದ್ದಲವೆದ್ದು, ಹಿಂದಕ್ಕೆ ಹೋಯಿತು. ಭಾಷೆಯ ಪ್ರಶ್ನೆ ಸಣ್ಣದೆಂದು ಹೊರನಾಡ ಕನ್ನಡಿಗರಾದ ನಾವು ಹೇಳಲಾರೆವು. ಆದರೆ ಮೈದಾನಕ್ಕಾಗಿ ಯಾವ ಪಕ್ಷವೂ ಬೀದಿಗಿಳಿದದ್ದನ್ನು ನಾನು ಕಂಡಿಲ್ಲ.

ಸರ್ಕಾರಗಳನ್ನು ದೂರಿ ಕೈತೊಳೆದುಕೊಳ್ಳುವುದು ಸುಲಭ. ನಮ್ಮ ಲೆಕ್ಕವೇನು? 2014ರ ಜನವರಿಯಲ್ಲಿ ಕೇಂದ್ರವು ಜೈನರನ್ನು ಅಲ್ಪಸಂಖ್ಯಾತ ಸಮುದಾಯವೆಂದು ಅಧಿಸೂಚಿಸಿತು. ಅದೇ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಪ್ರಮತಿ ಪ್ರಕರಣದ ತೀರ್ಪಿನಲ್ಲಿ ಅಲ್ಪಸಂಖ್ಯಾತ ಶಾಲೆಗಳನ್ನು ಶಿಕ್ಷಣ ಹಕ್ಕು ಕಾಯ್ದೆಯಿಂದಲೇ ಹೊರಗಿಟ್ಟಿತು. ಅಂದರೆ, ಬಡ ಮಕ್ಕಳಿಗೆ ಶೇಕಡಾ 25 ಸೀಟುಗಳನ್ನು ಮೀಸಲಿಡುವ ಹೊಣೆ ಆ ಕಾಯ್ದೆಯ ಪ್ರಕಾರ ನಮ್ಮ ಸಮಾಜದ ಶಾಲೆಗಳಿಗಿಲ್ಲ. ಈ ವಿನಾಯಿತಿಯನ್ನು ಹಕ್ಕೆಂದು ಸಂಭ್ರಮಿಸುವವರು, ಅದರ ಎದುರು ಪುಟದಲ್ಲಿ ಏನು ಬರೆಯುತ್ತಾರೆ? ಕಾನೂನು ಬಿಟ್ಟುಕೊಟ್ಟದ್ದನ್ನು ಧರ್ಮವೂ ಬಿಟ್ಟುಕೊಟ್ಟಿದೆಯೇ?

ಆಟಕ್ಕೆ ಹೋಗುವ ದಾರಿಯಲ್ಲಿ ಸಮಾಜದ ಟ್ರಸ್ಟೊಂದರ ಶಾಲೆಯಿದೆ. ಅದಕ್ಕೆ ಒಳ್ಳೆಯ ಮೈದಾನವೂ ಇದೆ. ಭಾನುವಾರ ಗೇಟಿಗೆ ಬೀಗ. ಹೊರಗಿನ ಪಾದಚಾರಿ ದಾರಿಯಲ್ಲಿ ಪಾಲಿಕೆ ಶಾಲೆಯ ಹುಡುಗರ ಕ್ರಿಕೆಟ್. ಅಪರಿಗ್ರಹವನ್ನು ಬೋಧಿಸುವ ಸಮಾಜಕ್ಕೆ ಖಾಲಿ ಮೈದಾನದ ಬೀಗವೂ ಪರಿಗ್ರಹವೇ ಅಲ್ಲವೇ?

ಮುಂದಿನ ವಾರ್ಷಿಕ ಸಭೆಗೆ ಹೋಗುವ ಸದಸ್ಯರಲ್ಲಿ ನನ್ನದೊಂದು ವಿನಂತಿ. ಜಮಾ–ಖರ್ಚಿನ ಪಟ್ಟಿಗೆ ಕೈ ಎತ್ತುವ ಮೊದಲು ಮೂರು ವಿವರ ಕೇಳಿ: ನಮ್ಮ ಮೈದಾನ ಎಷ್ಟು ಗಂಟೆ ತೆರೆದಿತ್ತು, ಹೆಣ್ಣುಮಕ್ಕಳು ಎಷ್ಟು ಮಂದಿ ಆಡಿದರು, ಹೊರಗಿನ ಬಡ ಮಕ್ಕಳು ಎಷ್ಟು ಮಂದಿ ಒಳಬಂದರು? ಉತ್ತರ ಸೊನ್ನೆಯಾಗಿದ್ದರೆ, ಸೊನ್ನೆಯೆಂದೇ ವರದಿಯಲ್ಲಿ ಬರೆಯಿಸಿ.