ಅಜ್ಜಿಯರ ಹೆಸರಿಲ್ಲದ ವಂಶವೃಕ್ಷ

ಇಂಗ್ಲೆಂಡಿನಲ್ಲಿ 1538ರಲ್ಲಿ ಥಾಮಸ್ ಕ್ರಾಮ್‌ವೆಲ್ ಹೊರಡಿಸಿದ ಆಜ್ಞೆಯಂತೆ ಊರೂರಿನ ಇಗರ್ಜಿಗಳು ದೀಕ್ಷಾಸ್ನಾನ, ವಿವಾಹ, ಶವಸಂಸ್ಕಾರಗಳನ್ನು ದಾಖಲಿಸತೊಡಗಿದವು. ಅಲ್ಲಿನ ಹಳ್ಳಿಯ ಕೂಲಿಕಾರನ ವಂಶಜನೂ ಇಂದು ಅನೇಕ ವೇಳೆ ತನ್ನ ಹಿರಿಯರನ್ನು ಹೆಸರು ಹಿಡಿದು ಹುಡುಕಬಲ್ಲ. ನಮ್ಮ ಉರ್ವದ ಮನೆಗಳಲ್ಲಿ ವಂಶವೃಕ್ಷದ ನೆನಪಾಗುವುದು ಆಸ್ತಿಯ ಖಾತೆ ಬದಲಾಯಿಸುವ ದಿನ ಮಾತ್ರ!

ನಮ್ಮದು ಬಾಯಿಮಾತಿನ ಪರಂಪರೆ, ಕಾಗದವೇಕೆ ಎನ್ನುವವರಿದ್ದಾರೆ. ನಿಜ, ಅಳಿಯಸಂತಾನದವರಲ್ಲಿ ತಾಯಿಯಿಂದ ಮಕ್ಕಳಿಗೆ ಬರುವ ‘ಬಳಿ’ಯು ಬಾಯಿಮಾತಿನಲ್ಲೇ ಉಳಿದು ಬಂದಿದೆ. ಆದರೆ ಆ ಮಾತು ಉಳಿದದ್ದು ಎಲ್ಲರೂ ಕೂಡಿ ಬಾಳಿದ ಕುಟುಂಬದ ಮನೆಯಲ್ಲಿ. 1949ರ ಮದರಾಸು ಅಳಿಯಸಂತಾನ ಕಾಯಿದೆಯು ಪಾಲಿಗೆ ದಾರಿ ತೆರೆಯಿತು. ಮಕ್ಕಳು ಮುಂಬಯಿಗೂ ಕೊಲ್ಲಿ ನಾಡುಗಳಿಗೂ ಚದುರಿದರು. ಈಗ ಹೇಳುವವರೂ ಇಲ್ಲ, ಕೇಳುವವರೂ ಇಲ್ಲ.

ನಾನು ಕಂಡ ಅಚ್ಚಾದ ವಂಶಾವಳಿಗಳಲ್ಲಿ ಯಜಮಾನರ ಹೆಸರುಗಳು ಸಾಲುಸಾಲಾಗಿವೆ. ಯಾರಿಂದ ಬಳಿ ಬಂದಿತೋ ಆ ಹೆಂಗಸರ ಹೆಸರಿಲ್ಲ. ಬೇರನ್ನೇ ಬಿಟ್ಟು ಬರೆದದ್ದು ವೃಕ್ಷವಾಗುವುದು ಹೇಗೆ?

ವಿದ್ಯಾರ್ಥಿ ಮಿತ್ರರೇ, ಬಂಧುಗಳೇ, ಮನೆಯ ಹಿರಿಯ ಹೆಂಗಸರ ಎದುರು ಕುಳಿತು ಅವರ ತಾಯಿ, ಅಜ್ಜಿ, ಮುತ್ತಜ್ಜಿಯರ ಹೆಸರು, ಹುಟ್ಟಿದ ಮನೆಗಳನ್ನು ಬರೆದಿಡಿ. ಪಾಲುಪಟ್ಟಿಗೆ ತೋರುವ ಶ್ರದ್ಧೆಯ ಕಾಲು ಭಾಗ ಸಾಕು.