ನೋಡಿದವರು ಯಾರು?

ಕೋಟನೂರಿನಲ್ಲಿ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಜೇವರ್ಗಿ ಕಡೆಯಿಂದ ಬರುವ ಬಸ್ಸು ಎಂದಿನಂತೆ ತಡ. ಪಕ್ಕದ ಚಹಾದಂಗಡಿಯಲ್ಲಿ ಸುಸಲಾ-ಮಿರ್ಚಿ ತಿನ್ನುತ್ತಿದ್ದ ಇಬ್ಬರು ಹುಡುಗರ ನಡುವೆ ಜೋರು ಜಗಳ. ಮೊಬೈಲಿನಲ್ಲಿ ಆಗಷ್ಟೇ 'ಸ್ಕೈ ಫೋರ್ಸ್' ನೋಡಿ ಮುಗಿಸಿದ್ದರು.

"ಇದೆಲ್ಲಾ ಬರೇ ಸುಳ್ಳದ ಲೇ! ಹಳೇ ವಿಮಾನದಾಂವ ಅಷ್ಟು ಜೋರಿನ ವಿಮಾನ ಹೆಂಗ ಕೆಡವತಾನ?"

"ಖರೇ ಕಥಿ ಅಂತ ಮೊದಲೇ ಬರದಾರಲ್ಲೋ!"

"ಎಲ್ಲಾ ಪಿಚ್ಚರನ್ಯಾಗೂ ಹಂಗೇ ಬರೀತಾರ. ಯಾರ್ ನೋಡ್ಯಾರ?"

ಯಾರ್ ನೋಡ್ಯಾರ? ತಿಳಿದು ಕೇಳಿದನೋ ತಿಳಿಯದೆ ಕೇಳಿದನೋ, ಆ ಹುಡುಗ ಕೇಳಿದ್ದು ಮಾತ್ರ ಲಕ್ಷ ರೂಪಾಯಿಯ ಪ್ರಶ್ನೆ. ಯಾಕೆಂದರೆ ನಿಜವಾದ ಕಥೆಯೂ ಇದೇ ಪ್ರಶ್ನೆಯ ಮೇಲೆ ಇಪ್ಪತ್ಮೂರು ವರ್ಷ ನಿಂತುಬಿಟ್ಟಿತ್ತು!

* * *

ಹಿಂದಿನ ಕಾಲದ ಹಲವು ಯುದ್ಧ ವಿಮಾನಗಳಲ್ಲಿ ಎರಡು ಸೀಟು. ಮುಂದೆ ಪೈಲಟ್. ಹಿಂದೆ ಮತ್ತೊಬ್ಬ. ಕೆಳಗೆ ಏನಿದೆ, ಬಾಂಬು ಎಲ್ಲಿ ಬಿತ್ತು, ಹಿಂದಿನಿಂದ ಯಾರು ಬರುತ್ತಿದ್ದಾರೆ ಎಂದು ನೋಡುವುದು ಅವನ ಕೆಲಸ. ವೈರಿ ಹತ್ತಿರ ಬಂದರೆ ಮೆಷಿನ್ ಗನ್ ತಿರುಗಿಸಿ ಹೊಡೆಯುವವನೂ ಅವನೇ. ನೋಡುವುದೂ ಅವನೇ, ಕಾಯುವುದೂ ಅವನೇ.

ಇದು ನಮಗೆ ದೂರದ ಮಾತಲ್ಲ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರ 110ನೇ ದಳಕ್ಕೆ ಇಂಥ ಎರಡು ಸೀಟಿನ ವಿಮಾನಗಳನ್ನು ಕೊಡಿಸಿದವರು ಹೈದರಾಬಾದಿನ ನಿಜಾಮರು. ಆ ದಳದ ಹೆಸರೇ 'ಹೈದರಾಬಾದ್'. 1918ರಲ್ಲಿ ಅದು ಫ್ರಾನ್ಸಿನಿಂದ ಹಾರಿ ಜರ್ಮನಿಯ ಮೇಲೆ ಬಾಂಬು ಹಾಕಿತು. ಆಗ ನಮ್ಮ ಗುಲ್ಬರ್ಗ ನಿಜಾಮರ ರಾಜ್ಯ. ನಮ್ಮ ಮುತ್ತಾತಂದಿರ ಜೋಳ-ತೊಗರಿ ಹೊಲದ ಕಂದಾಯವೂ ಆ ಬೊಕ್ಕಸಕ್ಕೇ ಸೇರುತ್ತಿತ್ತು. ವಿಮಾನ ಕಣ್ಣಿಂದ ನೋಡದ ಮಂದಿ!

* * *

ಈಗ ಸಿನಿಮಾ ಮಾತಿಗೆ ಬರೋಣ. 'ಗಾನ್ ವಿತ್ ದ ವಿಂಡ್' ಚಿತ್ರದ ಹೀರೋ ಕ್ಲಾರ್ಕ್ ಗೇಬಲ್ ಗೊತ್ತಲ್ಲ? ಹಾಲಿವುಡ್ಡಿನ ರಾಜ ಅಂತಲೇ ಹೆಸರು. 1942ರ ಜನವರಿಯಲ್ಲಿ ಅವನ ಹೆಂಡತಿ, ನಟಿ ಕ್ಯಾರೊಲ್ ಲೊಂಬಾರ್ಡ್, ಯುದ್ಧದ ಬಾಂಡ್ ಮಾರಿ ಮರಳುವಾಗ ವಿಮಾನ ಬಿದ್ದು ಸತ್ತಳು. ಅದೇ ಆಗಸ್ಟಿನಲ್ಲಿ, 41ನೇ ವಯಸ್ಸಿನಲ್ಲಿ, ಈ ಮಹಾರಾಯ ಸೈನ್ಯ ಸೇರಿದ. ಗನ್ನರ್ ತರಬೇತಿ ಮುಗಿಸಿ 1943ರಲ್ಲಿ ಇಂಗ್ಲೆಂಡಿನ ಪೋಲ್‌ಬ್ರೂಕ್‌ನಿಂದ ಬಿ-17 ಬಾಂಬರ್ ಏರಿ ಐದು ಸಲ ಯುದ್ಧಕ್ಕೆ ಹಾರಿದ. ವೀಕ್ಷಕ ಮತ್ತು ಗನ್ನರ್, ಎರಡೂ ಕೆಲಸ. ಒಂದು ಸಲ ಜರ್ಮನರ ಗುಂಡು ನೆಲ ಸೀಳಿ ಬಂದು ಅವನ ಬೂಟಿನ ಹಿಮ್ಮಡಿ ಕಿತ್ತುಕೊಂಡು ತಲೆಯ ಪಕ್ಕದಲ್ಲೇ ಹಾದುಹೋಯಿತು. ಡ್ಯೂಪ್ ಇಲ್ಲ ಸ್ವಾಮಿ, ರೀಟೇಕ್ ಇಲ್ಲ!

ಆದರೆ ಒಂದು ಮಾತು. ಗೇಬಲ್ ಹಾರಿದ್ದೇ ಗನ್ನರುಗಳ ಮೇಲೆ ಸಿನಿಮಾ ತೆಗೆಯಲಿಕ್ಕೆ. ಕ್ಯಾಮೆರಾದವರು ಜತೆಗಿದ್ದರು. ಅವನು ಮಾಡಿದ್ದನ್ನು ನೋಡಿದವರಿದ್ದರು, ಬರೆದವರಿದ್ದರು, ಪದಕವೂ ಬಂತು.

ನಮ್ಮ ಕೊಡಗಿನ ದೇವಯ್ಯನವರನ್ನು ನೋಡಿದವರು ಯಾರು?

* * *

ಅಜ್ಜಮಾಡ ಬೋಪಯ್ಯ ದೇವಯ್ಯ. ಹುಟ್ಟಿದ್ದು 1932ರ ಡಿಸೆಂಬರ್ 24. ವಾಯುಪಡೆಗೆ ಸೇರಿದ್ದು 1954ರಲ್ಲಿ. ಹೊಸ ಹುಡುಗರಿಗೆ ವಿಮಾನ ಕಲಿಸುವ ಮೇಷ್ಟ್ರು. 1965ರಲ್ಲಿ ಒಂದನೇ ಸ್ಕ್ವಾಡ್ರನ್ನಿನಲ್ಲಿ ಸ್ಕ್ವಾಡ್ರನ್ ಲೀಡರ್. ಅವರ ವಿಮಾನ ಫ್ರೆಂಚರ ಮಿಸ್ಟೇರ್. ಇದರಲ್ಲಿ ಒಂದೇ ಸೀಟು. ಓಡಿಸುವವನೇ ನೋಡಬೇಕು, ನೋಡುವವನೇ ಹೊಡೆಯಬೇಕು. ಬೆನ್ನ ಹಿಂದೆ ಯಾರೂ ಇಲ್ಲ.

ಸೆಪ್ಟೆಂಬರ್ 6ರ ಸಂಜೆ ಪಾಕಿಸ್ತಾನದ ವಿಮಾನಗಳು ಪಠಾಣಕೋಟಕ್ಕೆ ಬಂದು ನೆಲದ ಮೇಲೆ ನಿಂತಿದ್ದ ನಮ್ಮ ವಿಮಾನಗಳನ್ನೇ ಸುಟ್ಟವು. ಮರುದಿನ ನಸುಕಿಗೇ ಉತ್ತರ. ಆದಂಪುರದಿಂದ ಸರ್ಗೋಧಾ ಮೇಲೆ ದಾಳಿ. ನಾಯಕ ವಿಂಗ್ ಕಮಾಂಡರ್ ಓ.ಪಿ. ತನೇಜಾ. ಹೋಗಬೇಕಾದ ವಿಮಾನ ಹನ್ನೆರಡು. ದೇವಯ್ಯನವರದು ಸ್ಟ್ಯಾಂಡ್‌ಬೈ. ಯಾರದಾದರೂ ಕೆಟ್ಟರೆ ಮಾತ್ರ ಹೋಗಬೇಕು. ನಮ್ಮ ಗಲ್ಲಿ ಕ್ರಿಕೆಟ್ಟಿನ ಹನ್ನೆರಡನೇ ಆಟಗಾರನ ಹಾಗೆ.

ಅವರು ಹೋದರು.

ಸರ್ಗೋಧಾ ಹತ್ತಿರ ಎದುರಾದದ್ದು ಅಮೆರಿಕದ ಎಫ್-104 ಸ್ಟಾರ್‌ಫೈಟರ್, ಶಬ್ದಕ್ಕಿಂತ ಎರಡು ಪಟ್ಟು ವೇಗ. ಓಡಿಸುತ್ತಿದ್ದವರು ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್. ದೇವಯ್ಯನವರ ವಿಮಾನಕ್ಕೆ ಮೊದಲೇ ಏಟು ಬಿತ್ತು. ಕಾದಾಡಲು ನಿಂತರೆ ಆದಂಪುರಕ್ಕೆ ಮರಳುವಷ್ಟು ಎಣ್ಣೆ ಉಳಿಯುವುದಿಲ್ಲ. ಆದರೂ ತಿರುಗಿ ನಿಂತರು. ಎಫ್-104 ಕೆಳಗೆ ಬಿತ್ತು. ಅಮ್ಜದ್ ಪ್ಯಾರಾಚೂಟಿನಲ್ಲಿ ಇಳಿದು ಬದುಕಿದರು. ದೇವಯ್ಯ ಮರಳಲಿಲ್ಲ.

ಹಳೇ ವಿಮಾನದಾಂವ ಹೆಂಗ ಕೆಡವಿದ? ಕೇಳು ತಮ್ಮಾ. ಎಕ್ಸ್‌ಪ್ರೆಸ್ ಬಸ್ಸು ಹೈವೇದಾಗ ರಾಜ. ಅದನ್ನೇ ಸೂಪರ್ ಮಾರ್ಕೆಟ್ ಗಲ್ಲಿಯೊಳಗೆ ತಿರುಗಿಸು ಅಂದರೆ? ಸೈಕಲ್ಲಿನವನೇ ಮುಂದೆ! ಎಫ್-104ಕ್ಕೆ ರೆಕ್ಕೆ ಬಲು ಚಿಕ್ಕವು. ನೆಟ್ಟಗೆ ಹೋದರೆ ಹಿಡಿಯುವವರಿಲ್ಲ. ಆದರೆ ನೆಲಕ್ಕೆ ಹತ್ತಿರ, ವೇಗ ಇಳಿಸಿ ಸುತ್ತು ಹೊಡೆಯುವ ಆಟಕ್ಕೆ ಬಂದರೆ ಮಿಸ್ಟೇರೇ ಚುರುಕು. ಅದರ ಹೊಟ್ಟೆಯಲ್ಲಿ 30 ಮಿಲಿಮೀಟರಿನ ಎರಡು ಗನ್ನು ಬೇರೆ.

* * *

ಈ ಕಡೆ ಆದಂಪುರದಲ್ಲಿ ಏನಾಯಿತು? ಉಳಿದವರು ಬಂದರು, ಇವರಿಲ್ಲ. ಆ ಕಾಳಗವನ್ನು ನಮ್ಮವರಲ್ಲಿ ಒಬ್ಬರೂ ನೋಡಿರಲಿಲ್ಲ. ಕಡತದಲ್ಲಿ ಒಂದೇ ಮಾತು: ಕಾಣೆಯಾಗಿದ್ದಾರೆ. ಸತ್ತರೋ, ಸೆರೆ ಸಿಕ್ಕರೋ, ಮನೆಯವರಿಗೆ ಹೇಳುವವರಿಲ್ಲ. ಅಲ್ಲಿಯ ಹಳ್ಳಿ ಮಂದಿಯೇ ಅವರನ್ನು ಹೊಲದಲ್ಲಿ ಮಣ್ಣು ಮಾಡಿದ್ದರು ಅಂತ ತಿಳಿದದ್ದು ಎಷ್ಟೋ ವರ್ಷದ ಮೇಲೆ.

1979ರಲ್ಲಿ ಜಾನ್ ಫ್ರಿಕರ್ ಎಂಬ ಇಂಗ್ಲಿಷ್ ಲೇಖಕ ಆ ಯುದ್ಧದ ಮೇಲೆ ಪುಸ್ತಕ ಬರೆದ. ಬರೆದದ್ದು ಪಾಕಿಸ್ತಾನದವರ ಕಡೆಯಿಂದ ಕೇಳಿ ತಿಳಿದು. ಆ ಬೆಳಗಿನಲ್ಲಿ ತಮ್ಮ ಒಂದು ಎಫ್-104 ಒಂದು ಮಿಸ್ಟೇರಿಗೆ ಬಲಿಯಾಯಿತು ಎಂಬುದು ಅದರಲ್ಲಿತ್ತು. ಮರಳದ ಮಿಸ್ಟೇರ್ ಯಾವುದು, ಅದರಲ್ಲಿದ್ದವರು ಯಾರು ಎಂದು ನಮ್ಮವರು ಹುಡುಕಿದರು. ತಾಳೆಯಾದದ್ದು ಒಂದೇ ಹೆಸರು. ತನೇಜಾ ಅವರೇ ಶಿಫಾರಸು ಬರೆದರು. 1988ರಲ್ಲಿ ಮಹಾವೀರ ಚಕ್ರ ಬಂತು. ಅದನ್ನು ಕೈಗೆ ತೆಗೆದುಕೊಂಡವರು ಪತ್ನಿ.

ನಮ್ಮವರಾರೂ ನೋಡದ್ದನ್ನು ಎದುರಿಗೆ ನಿಂತು ಹೊಡೆದಾಡಿದ ಮನುಷ್ಯ ನೋಡಿದ್ದ. ವೈರಿಯೇ ಸಾಕ್ಷಿ! ಯಾವ ಸಿನಿಮಾ ರೈಟರು ಹೀಗೆ ಬರೆದರೂ ಪ್ರೊಡ್ಯೂಸರು "ನಂಬೋ ಹಾಗೆ ಬರಿಯಪ್ಪ" ಅಂತ ಹರಿದು ಬಿಸಾಕುತ್ತಿದ್ದ.

* * *

2025ರ ಜನವರಿಯಲ್ಲಿ ಬಂದ 'ಸ್ಕೈ ಫೋರ್ಸ್' ಚಿತ್ರಕ್ಕೆ ಈ ಕಥೆಯೇ ಬುನಾದಿ. ಅಕ್ಷಯ್ ಕುಮಾರ್ ಮಾಡಿದ ಅಹುಜಾ ಪಾತ್ರದ ಹಿಂದೆ ತನೇಜಾ ಇದ್ದಾರೆ. ವೀರ್ ಪಹಾಡಿಯಾ ಮಾಡಿದ ಪಾತ್ರದ ಹಿಂದೆ ದೇವಯ್ಯ. ಆದರೆ ಪರದೆಯ ಮೇಲೆ ಆ ಹೀರೋ ಹೆಸರು ಟಿ. ಕೃಷ್ಣ ವಿಜಯ! ಹೆಸರು ಬದಲಿಸುವುದು ಸಿನಿಮಾದವರ ಹಕ್ಕು, ಒಪ್ಪಿದೆ. ಆದರೆ ಇಪ್ಪತ್ಮೂರು ವರ್ಷ ಹೆಸರಿಗಾಗಿ ಕಾದ ಮನುಷ್ಯನ ಹೆಸರನ್ನೇ ಬದಲಿಸಿದರಲ್ಲ, ಅದಕ್ಕೆ ನನ್ನ ತಕರಾರು. ಚಿತ್ರ ನೋಡಿದ ಆ ಇಬ್ಬರು ಹುಡುಗರಿಗೆ ಅವರು ಕನ್ನಡ ನಾಡಿನವರು ಅಂತಲೇ ಗೊತ್ತಿರಲಿಲ್ಲ.

ಬಸ್ಸು ಬರುವುದರೊಳಗೆ ಇಷ್ಟನ್ನೂ ಹೇಳಿದೆ. ಜಗಳ ತೆಗೆದವನು ಮಿರ್ಚಿ ಕೈಯಲ್ಲೇ ಹಿಡಿದು ಕೂತಿದ್ದ. ಕೊನೆಗೆ ಕೇಳಿದ: "ಅಣ್ಣಾ, ಖರೇ ಹೆಸರು ಇನ್ನೊಮ್ಮೆ ಹೇಳ್ರಿ."

ಹೇಳಿದೆ. ನೀವೂ ಇನ್ನೊಬ್ಬರಿಗೆ ಹೇಳಿ: ಅಜ್ಜಮಾಡ ಬೋಪಯ್ಯ ದೇವಯ್ಯ. ಮಡಿಕೇರಿ ಕಡೆ ಟ್ರಿಪ್ಪು ಹೋದರೆ ಅವರ ಹೆಸರಿನ ಸರ್ಕಲ್ ಇದೆ. ಸೆಲ್ಫಿ ತೆಗೆಯುವ ಮುಂಚೆ ಒಂದು ಕ್ಷಣ ನಿಂತು ಬನ್ನಿ.